ಮೂಳೆ ಸಿಗದಿದ್ದರೂ ಮಣ್ಣು ಹೇಳುತ್ತದೆ: ಹಳೆಯ ಹೂಳಿನಲ್ಲಿ ಡಿಎನ್‌ಎ ಓದುವುದು ಹೇಗೆ?

ಬೇಸಿಗೆಯಲ್ಲಿ ಕೆರೆ ಹೂಳೆತ್ತುವುದನ್ನು ನೋಡಿರುತ್ತೀರಿ. ಜೆಸಿಬಿ ಬಗೆದ ಕಡೆ ಆಳೆತ್ತರದ ಮಣ್ಣಿನ ಗೋಡೆ ನಿಂತಿರುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಒಂದೇ ಬಣ್ಣದ್ದಲ್ಲ. ಮೇಲೆ ಬೂದುಬಣ್ಣ, ಕೆಳಗೆ ಕಪ್ಪು, ನಡುವೆ ಎರಡು ಬೆರಳು ದಪ್ಪದ ಮರಳಿನ ಗೆರೆ. ಆ ಗೆರೆ ಯಾವುದೋ ವರ್ಷ ಕೋಡಿ ಬಿದ್ದ ಮಳೆಯದ್ದಿರಬಹುದು. ನೀರಿಗೆ ಬಂದ ದನ ಹಾಕಿದ ಸಗಣಿ, ಏರಿ ಮೇಲಿನ ಮರದ ಎಲೆ, ಬಟ್ಟೆ ಒಗೆಯಲು ಬಂದವರ ಅಂಗಾಲಿನಿಂದ ಉದುರಿದ ಚರ್ಮ, ಎಲ್ಲವೂ ಅದೇ ಹೂಳಿಗೆ ಸೇರಿರುತ್ತದೆ. ಒಂದು ವರ್ಷದ್ದರ ಮೇಲೆ ಇನ್ನೊಂದು ವರ್ಷದ್ದು.

ಈ ಹೂಳನ್ನು ಒಂದು ಚಮಚದಷ್ಟು ತೆಗೆದು, ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಯಾವ ಮರ ಇತ್ತು, ಯಾವ ಪ್ರಾಣಿ ನೀರು ಕುಡಿಯಿತು, ಮನುಷ್ಯರು ಬಂದದ್ದು ಯಾವಾಗ ಅಂತ ಹೇಳಲು ಆಗುತ್ತದಾ? ಕೆಲವು ಕಡೆ ಆಗುತ್ತದೆ. ಅದರ ಹೆಸರು ಪ್ರಾಚೀನ ಪರಿಸರ ಡಿಎನ್‌ಎ. 2022ರಲ್ಲಿ ಹಳೆಯ ಡಿಎನ್‌ಎ ಓದುವ ವಿದ್ಯೆ ಕಟ್ಟಿದ ಸ್ವಾಂಟೆ ಪಾಬೊ ಅವರಿಗೆ ನೊಬೆಲ್ ಬಂತು. ಅದೇ ಡಿಸೆಂಬರ್‌ನಲ್ಲಿ ಗ್ರೀನ್‌ಲ್ಯಾಂಡಿನ ಮಣ್ಣಿನಿಂದ 20 ಲಕ್ಷ ವರ್ಷ ಹಳೆಯ ಡಿಎನ್‌ಎ ಸಿಕ್ಕಿದ ಸುದ್ದಿಯೂ ಬಂತು. ಆಮೇಲೆ ಈ ಪದ ಪತ್ರಿಕೆಗಳಲ್ಲಿ ಜಾಸ್ತಿ ಕಾಣಿಸುತ್ತಿದೆ. ಆದರೆ ಮಣ್ಣಿನಿಂದ ಹೆಸರು ಹೊರಬರುವುದು ಹೇಗೆ ಎಂದು ಬಿಡಿಸಿ ಹೇಳುವವರು ಕಡಿಮೆ.

ಮಣ್ಣಿಗೆ ಡಿಎನ್‌ಎ ಬಂದದ್ದು ಎಲ್ಲಿಂದ?

ಡಿಎನ್‌ಎ ಅಂದರೆ ಪ್ರತಿ ಜೀವಿಯ ಜೀವಕೋಶದೊಳಗೆ ಇರುವ ಉದ್ದನೆಯ ಬರಹ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಸಿ, ಜಿ, ಟಿ. ಅಕ್ಷರಗಳು ಯಾವ ಕ್ರಮದಲ್ಲಿ ಕೂತಿವೆ ಎನ್ನುವುದರ ಮೇಲೆ ಅದು ಆಲದ ಮರವೋ, ಆಡೋ, ನೀವೋ ಎಂಬುದು ನಿಂತಿದೆ. ಮನುಷ್ಯನ ಬರಹ ಸುಮಾರು 300 ಕೋಟಿ ಅಕ್ಷರದಷ್ಟು ಉದ್ದ.

ಜೀವಿಗಳು ಈ ಬರಹವನ್ನು ಮೈಯೊಳಗೆ ಭದ್ರವಾಗಿ ಇಟ್ಟುಕೊಂಡೇನೂ ಇರುವುದಿಲ್ಲ. ಹೋದಲ್ಲೆಲ್ಲ ಚೆಲ್ಲುತ್ತವೆ. ಸಗಣಿ, ಮೂತ್ರ, ಎಂಜಲು, ಉದುರಿದ ಕೂದಲು, ಸತ್ತ ಬೇರು, ಕೊಳೆತ ಎಲೆ, ಎಲ್ಲದರಲ್ಲೂ ಡಿಎನ್‌ಎ ಇರುತ್ತದೆ. ಮದುವೆ ಛತ್ರದ ಹಿಂದೆ ಮರುದಿನ ಬೆಳಿಗ್ಗೆ ಹೋದರೆ ಒಬ್ಬ ನೆಂಟರೂ ಇರುವುದಿಲ್ಲ. ಆದರೆ ಎಸೆದ ಎಲೆಗಳ ರಾಶಿ ನೋಡಿದರೆ ಊಟಕ್ಕೆ ಹೋಳಿಗೆ ಇತ್ತಾ, ಚಿರೋಟಿ ಇತ್ತಾ ಗೊತ್ತಾಗುತ್ತದೆ, ಅಲ್ವಾ? ವಿಜ್ಞಾನಿಗಳು ಮಣ್ಣಿನಲ್ಲಿ ಹುಡುಕುವುದೂ ಇಂಥದ್ದನ್ನೇ.

ಇದು ಹೊಳೆದ ರೀತಿ ತಮಾಷೆಯಾಗಿದೆ. ಡೆನ್ಮಾರ್ಕಿನ ಎಸ್ಕೆ ವಿಲ್ಲರ್‌ಸ್ಲೆವ್ ಆಗ ವಿದ್ಯಾರ್ಥಿ. ಕಿಟಕಿಯಾಚೆ ಒಂದು ನಾಯಿ ಮಲ ವಿಸರ್ಜನೆ ಮಾಡುವುದು ಕಣ್ಣಿಗೆ ಬಿತ್ತು. ಮಳೆ ಬಂದರೆ ಮಲ ತೊಳೆದು ಹೋಗುತ್ತದೆ ಸರಿ, ಅದರೊಳಗಿನ ಡಿಎನ್‌ಎ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. 2003ರಲ್ಲಿ ಅವರ ತಂಡ ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಿಂದ ತೆಗೆದ ಮಣ್ಣಿನಲ್ಲಿ ಮ್ಯಾಮತ್ (ಅಳಿದುಹೋದ ಕೂದಲಿನ ಆನೆ), ಕಾಡೆಮ್ಮೆ, ಕುದುರೆಗಳ ಡಿಎನ್‌ಎ ತೋರಿಸಿತು. ಗಿಡಗಳದ್ದು ಮೂರು ನಾಲ್ಕು ಲಕ್ಷ ವರ್ಷದಷ್ಟು ಹಳೆಯದಿತ್ತು. ಒಂದು ಮೂಳೆಯನ್ನೂ ಅವರು ಮುಟ್ಟಿರಲಿಲ್ಲ.

ಕೊಳೆಯದೆ ಉಳಿಯುವುದು ಹೇಗೆ?

ಡಿಎನ್‌ಎಗೆ ಶತ್ರುಗಳು ಜಾಸ್ತಿ. ನೀರು ಅದನ್ನು ಮುರಿಯುತ್ತದೆ, ಶಾಖ ಮುರಿಯುತ್ತದೆ, ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ನ್ಯೂಜಿಲೆಂಡಿನ ಮೋವಾ ಎಂಬ ಅಳಿದುಹೋದ ಹಕ್ಕಿಯ ಮೂಳೆಗಳನ್ನು ಅಳೆದು 2012ರಲ್ಲಿ ಒಂದು ಲೆಕ್ಕ ಕೊಟ್ಟರು. ಸುಮಾರು 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಆ ಮೂಳೆಗಳಲ್ಲಿ 242 ಅಕ್ಷರ ಉದ್ದದ ಡಿಎನ್‌ಎ ಚೂರುಗಳ ಪೈಕಿ ಅರ್ಧದಷ್ಟು 521 ವರ್ಷಕ್ಕೆ ಮುರಿಯುತ್ತವೆ. ಇನ್ನೊಂದು 521 ವರ್ಷಕ್ಕೆ ಉಳಿದದ್ದರಲ್ಲಿ ಅರ್ಧ. ತಣ್ಣಗಿದ್ದಷ್ಟೂ ಈ ವೇಗ ಕಡಿಮೆಯಾಗುತ್ತದೆ. ಹಾಲು ಹೊರಗಿಟ್ಟರೆ ಸಂಜೆಗೆ ಒಡೆಯುತ್ತದೆ, ಫ್ರಿಜ್‌ನಲ್ಲಿ ನಾಲ್ಕು ದಿನ ಬರುತ್ತದೆ, ಹಾಗೆಯೇ.

ಮಣ್ಣಿನಲ್ಲಿ ಇನ್ನೊಂದು ಅನುಕೂಲ ಇದೆ. ಡಿಎನ್‌ಎ ಎಳೆಗೆ ಜೇಡಿಮಣ್ಣಿನ ಕಣ, ಬೆಣಚುಕಲ್ಲಿನ ಕಣಗಳನ್ನು ಕಂಡರೆ ಅಂಟಿಕೊಳ್ಳುವ ಗುಣ. ಹಾಗೆ ಅಂಟಿದ ಮೇಲೆ ಸೂಕ್ಷ್ಮಜೀವಿಗಳ ಕಿಣ್ವಗಳು ಅದನ್ನು ಸುಲಭಕ್ಕೆ ಕತ್ತರಿಸಲಾರವು. ತಂಪು, ಕತ್ತಲು, ಗಾಳಿಯಾಡದ ಕೆಸರು ಮತ್ತು ಜೇಡಿ ಇಷ್ಟೂ ಒಟ್ಟಿಗೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಉಗ್ರಾಣ ಇಲ್ಲ. ಆದ್ದರಿಂದಲೇ ಈ ವಿದ್ಯೆಯ ದೊಡ್ಡ ಸುದ್ದಿಗಳು ಹೆಚ್ಚಾಗಿ ಸೈಬೀರಿಯಾ, ಅಲಾಸ್ಕಾ, ಗ್ರೀನ್‌ಲ್ಯಾಂಡ್ ಕಡೆಯಿಂದ ಬರುತ್ತವೆ.

ಹಾಗಾದರೆ ನಮ್ಮ ಕಡೆ? ಕಷ್ಟ. ಮೂಳೆಗಳದ್ದೇ ಪಾಡು ನೋಡಿ. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಸಿಂಧೂ ನಾಗರಿಕತೆಯ ಕಾಲದ ಅಸ್ಥಿಗಳಿಂದ 61 ಮಾದರಿ ಪರೀಕ್ಷಿಸಿದರು. ಓದುವಂಥ ಡಿಎನ್‌ಎ ಸಿಕ್ಕಿದ್ದು ಒಂದರಲ್ಲಿ ಮಾತ್ರ, ಒಬ್ಬ ಹೆಂಗಸಿನದ್ದು. 2019ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಹಿಮಾಲಯದ ರೂಪಕುಂಡ ಕೆರೆಯ ಅಸ್ಥಿಗಳ ವರದಿಯೂ ಬಂತು. ಅಲ್ಲಿ ಎತ್ತರ 5,000 ಮೀಟರ್, ಮೈಕೊರೆಯುವ ಚಳಿ. 38 ಜನರ ಡಿಎನ್‌ಎ ಸಿಕ್ಕಿತು.

ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ನೆನೆದರೆ ಸ್ವಲ್ಪ ಹೊಟ್ಟೆಯೂ ಉರಿಯುತ್ತದೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಊರವರು ಹೇಳುವ ಆ ದಿಬ್ಬಗಳು ನಿಜವಾಗಿ ಹೊಸ ಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿ. ಸಾವಿರಾರು ವರ್ಷ ಹಳೆಯ ಸಗಣಿ ಗುಡ್ಡಗಟ್ಟಲೆ ಇದೆ, ಆದರೆ ಬೆಂಕಿಗೆ ಬಿದ್ದ ಡಿಎನ್‌ಎ ಉಳಿಯುವುದಿಲ್ಲ. ಇನ್ನು ಕೆರೆಗಳ ಹೂಳನ್ನು ನಾವು ಶತಮಾನಗಳಿಂದ ಎತ್ತಿ ಎತ್ತಿ ಹೊಲಕ್ಕೆ ಹೊಡೆದಿದ್ದೇವೆ. ಹೊಲಕ್ಕೆ ಅದು ಚಿನ್ನ. ಪದರ ಎಣಿಸುವವರಿಗೆ ಮಾತ್ರ ಪುಸ್ತಕದ ಹಾಳೆ ಹರಿದಂತೆ.

ಕಡಲೆಕಾಯಿ ಪೊಟ್ಟಣ ಓದುವ ವಿದ್ಯೆ

ಮಣ್ಣಿನಿಂದ ಸಿಗುವ ಡಿಎನ್‌ಎ ತುಂಡುಗಳು ತೀರಾ ಚಿಕ್ಕವು. ಹಲವು ತುಂಡುಗಳಲ್ಲಿ ಐವತ್ತು ಅಕ್ಷರ ಇದ್ದರೆ ಹೆಚ್ಚು. 300 ಕೋಟಿ ಎಲ್ಲಿ, ಐವತ್ತು ಎಲ್ಲಿ!

ಕಡಲೆಕಾಯಿ ತಿಂದು ಮುಗಿದ ಮೇಲೆ ಪೊಟ್ಟಣ ಬಿಚ್ಚಿ ಓದುವ ಅಭ್ಯಾಸ ನಿಮಗೂ ಇರಬಹುದು. ಅರ್ಧ ತಲೆಬರಹ, ಕಾಲು ಸುದ್ದಿ, ಒಂದು ಶ್ರದ್ಧಾಂಜಲಿಯ ತುದಿ. ಅಷ್ಟರಲ್ಲೇ ಇದು ಯಾವ ಪತ್ರಿಕೆ, ಯಾವ ಊರಿನ ಆವೃತ್ತಿ ಅಂತ ಊಹಿಸುತ್ತೇವೆ. ನಿಖರವಾಗಿ ಹೇಳಬೇಕಾದರೆ ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಚಿಕೆಗಳ ಜೊತೆ ಹೋಲಿಸಬೇಕು. ಇಲ್ಲೂ ಅದೇ ಕ್ರಮ. ಮಣ್ಣಿನಿಂದ ಬಂದ ಕೋಟ್ಯಂತರ ಚೂರುಗಳನ್ನು ಯಂತ್ರ ಓದುತ್ತದೆ. ಆಮೇಲೆ ಕಂಪ್ಯೂಟರ್ ಒಂದೊಂದನ್ನೂ ಈಗಾಗಲೇ ಓದಿಟ್ಟ ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳ ಬರಹದ ಜೊತೆ ಹೊಂದಿಸಿ ನೋಡುತ್ತದೆ. ಬಹುಪಾಲು ಚೂರುಗಳು ಬ್ಯಾಕ್ಟೀರಿಯಾಗಳದ್ದೇ ಆಗಿರುತ್ತವೆ. ಎಷ್ಟೋ ಚೂರುಗಳಿಗೆ ಜೋಡಿಯೇ ಸಿಗುವುದಿಲ್ಲ. ಗ್ರಂಥಾಲಯದಲ್ಲಿ ಇಲ್ಲದ ಪತ್ರಿಕೆಯನ್ನು ಹುಡುಕುವುದಾದರೂ ಹೇಗೆ?

ಬೇಕಾದ ಪ್ರಾಣಿಯದ್ದನ್ನು ಮಾತ್ರ ಎತ್ತಲು ಗಾಳ ಹಾಕುವ ವಿಧಾನವೂ ಇದೆ. ಹುಡುಕುತ್ತಿರುವ ಬರಹಕ್ಕೆ ಜೋಡಿಯಾಗುವ ಕೃತಕ ಎಳೆಗಳನ್ನು ದ್ರಾವಣಕ್ಕೆ ಬಿಡುತ್ತಾರೆ. ಹೊಂದುವ ಚೂರು ಬಂದು ಕಚ್ಚಿಕೊಳ್ಳುತ್ತದೆ, ಉಳಿದದ್ದನ್ನು ತೊಳೆದು ಚೆಲ್ಲುತ್ತಾರೆ. ಈ ಗಾಳಕ್ಕೆ ಹೆಚ್ಚಾಗಿ ಸಿಗುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ. ಅದು ತಾಯಿಯಿಂದ ಬರುವ ಚಿಕ್ಕ ಬರಹ. ಒಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿಗಳಿರುತ್ತವೆ, ಮುಖ್ಯ ಬರಹದ್ದು ಎರಡೇ ಪ್ರತಿ. ಯಾವುದು ಉಳಿಯುವ ಸಾಧ್ಯತೆ ಜಾಸ್ತಿ ಅಂತ ಹೇಳಬೇಕಾಗಿಲ್ಲ.

ಈಗ ಮುಖ್ಯ ಪ್ರಶ್ನೆ. ಸಿಕ್ಕ ಚೂರು ನಿಜವಾಗಿ ಹಳೆಯದಾ, ಅಥವಾ ನಿನ್ನೆ ಮಣ್ಣು ಅಗೆದವನ ಸೀನಿನಿಂದ ಬಂದದ್ದಾ? ಪೊಟ್ಟಣವನ್ನೇ ನೆನಪಿಸಿಕೊಳ್ಳಿ. ಹಳೆಯ ಪತ್ರಿಕೆಯ ಅಂಚು ಹಳದಿಯಾಗಿರುತ್ತದೆ. ಡಿಎನ್‌ಎ ಚೂರಿನ ಅಂಚೂ ಹಾಗೆಯೇ ಕೆಡುತ್ತದೆ. ಕಾಲ ಕಳೆದಂತೆ ಚೂರಿನ ತುದಿಗಳಲ್ಲಿ ಇರುವ ಸಿ ಅಕ್ಷರ ಕೆಟ್ಟು, ಯಂತ್ರಕ್ಕೆ ಟಿ ಎಂದು ಕಾಣುತ್ತದೆ. ಹೊಸ ಡಿಎನ್‌ಎಯಲ್ಲಿ ಈ ತಪ್ಪು ಇಷ್ಟೊಂದು ಇರುವುದಿಲ್ಲ. ಹಾಗಾಗಿ ತುದಿಯಲ್ಲಿ ತಪ್ಪು ಜಾಸ್ತಿ ಇದ್ದಷ್ಟೂ ವಿಜ್ಞಾನಿಗೆ ಸಮಾಧಾನ. ಹಾಳಾಗಿರುವುದೇ ಅಸಲಿತನಕ್ಕೆ ಸಾಕ್ಷಿಯಾಗುವ ವ್ಯವಹಾರ ಬೇರೆಲ್ಲಿ ಇದೆಯೋ!

ಇಷ್ಟಾದರೂ ಎಚ್ಚರಿಕೆ ಬೇಕೇ ಬೇಕು. ಮಣ್ಣಿನ ಮೇಲ್ಮೈ ಕೆರೆದು ಬಿಸಾಕಿ ಒಳಗಿನ ಮಣ್ಣನ್ನೇ ತೆಗೆಯುತ್ತಾರೆ. ಮೈಪೂರ್ತಿ ಮುಚ್ಚುವ ಉಡುಪು, ಎರಡು ಜೊತೆ ಕೈಗವಸು, ಮುಖಕ್ಕೆ ಮಾಸ್ಕ್. ಮೇಜನ್ನು ಬ್ಲೀಚ್‌ನಿಂದ ಒರೆಸುತ್ತಾರೆ, ರಾತ್ರಿ ಅತಿನೇರಳೆ ದೀಪ ಹಚ್ಚಿಡುತ್ತಾರೆ. ಜೊತೆಗೆ ಮಣ್ಣೇ ಹಾಕದ ಒಂದು ಖಾಲಿ ನಳಿಕೆಯನ್ನೂ ಉಳಿದವುಗಳ ಸಾಲಿನಲ್ಲೇ ಇಟ್ಟು ಪರೀಕ್ಷಿಸುತ್ತಾರೆ. ಅದರಲ್ಲೂ ದನದ ಡಿಎನ್‌ಎ ಬಂದರೆ, ಆ ದನ ಕೆರೆಯದ್ದಲ್ಲ, ಪ್ರಯೋಗಾಲಯದ್ದು!

ಫೆರೋ ದ್ವೀಪದ ಕುರಿ

ನನಗೆ ಈ ವಿದ್ಯೆಯ ರುಚಿ ಹತ್ತಿದ್ದು ಒಂದು ಕುರಿಯಿಂದ.

ನಾರ್ವೆ ಮತ್ತು ಐಸ್‌ಲ್ಯಾಂಡ್ ನಡುವೆ, ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಫೆರೋ ಎಂಬ ದ್ವೀಪಗಳಿವೆ. ಮರಗಳು ಇಲ್ಲವೆನ್ನುವಷ್ಟು ಕಡಿಮೆ. ಹುಲ್ಲು, ಗಾಳಿ, ಬಂಡೆ. ಇಲ್ಲಿಗೆ ಮೊದಲು ಬಂದವರು ಸ್ಕ್ಯಾಂಡಿನೇವಿಯಾದ ಕಡಲಯಾನಿಗಳಾದ ವೈಕಿಂಗ್‌ಗಳು, ಅದೂ ಕ್ರಿ.ಶ. 850ರ ಸುಮಾರಿಗೆ ಎಂದು ಬಹಳ ಕಾಲ ನಂಬಿದ್ದರು. ಡಿಕ್ಯುಯಿಲ್ ಎಂಬ ಐರಿಷ್ ಸನ್ಯಾಸಿ 825ರಲ್ಲಿ ಬರೆದ ಮಾತೊಂದು ಮಾತ್ರ ನಡುವೆ ಚುಚ್ಚುತ್ತಿತ್ತು. ಉತ್ತರದ ದ್ವೀಪಗಳಲ್ಲಿ ಸನ್ಯಾಸಿಗಳು ನೂರು ವರ್ಷ ಇದ್ದರು, ಈಗ ಅಲ್ಲಿ ಲೆಕ್ಕವಿಲ್ಲದಷ್ಟು ಕುರಿಗಳಿವೆ ಎಂದು ಆತ ಬರೆದಿದ್ದ. ಅದು ಫೆರೋ ದ್ವೀಪವೇ ಇರಬೇಕೆಂದು ಕೆಲವರು, ಬರೀ ಕೇಳಿದ ಮಾತು ಎಂದು ಕೆಲವರು. ಒಂದು ದ್ವೀಪದಲ್ಲಿ ಸಿಕ್ಕ ಸುಟ್ಟ ಬಾರ್ಲಿ ಕಾಳುಗಳೂ ವೈಕಿಂಗ್‌ಗಳಿಗಿಂತ ಹಳೆಯವು ಎಂದು 2013ರಲ್ಲಿ ತಿಳಿಯಿತು. ಆದರೆ ಅಷ್ಟು ಹಿಂದಿನ ಮನೆ ಸಿಗಲಿಲ್ಲ, ಸಮಾಧಿ ಸಿಗಲಿಲ್ಲ.

ಲೊರೆಲೈ ಕರ್ಟಿನ್, ವಿಲಿಯಂ ಡಿ'ಆಂಡ್ರಿಯಾ ಮತ್ತು ಜೊತೆಗಾರರು ಐಸ್ಟುರೋಯ್ ದ್ವೀಪದ ಐಡಿಸ್‌ವಾಟ್ನ್ ಕೆರೆಗೆ ಹೋದರು. ದೋಣಿಯಂಥ ತೇಲುವ ಅಟ್ಟದಿಂದ ಕೊಳವೆಯೊಂದನ್ನು ಕೆರೆಯ ತಳಕ್ಕೆ ಇಳಿಸಿ ಹೂಳಿನ ಕಂಬ ಎತ್ತಿದರು. ಪುಟ್ಟು ಮಾಡುವ ಕೊಳವೆಯಿಂದ ತೆಂಗಿನತುರಿ, ಹಿಟ್ಟು, ತೆಂಗಿನತುರಿ ಎಂದು ಸಾಲಾಗಿ ಹೊರಬರುತ್ತದಲ್ಲ, ಹಾಗೆ ವರ್ಷಗಳ ಪದರ ಹೊರಬಂತು. ಅದರಲ್ಲಿ ಒಂದು ಕಡೆ ತೆಳು ಗೆರೆ. 877ರ ಸುಮಾರಿಗೆ ಐಸ್‌ಲ್ಯಾಂಡಿನಲ್ಲಿ ಸಿಡಿದ ಜ್ವಾಲಾಮುಖಿಯ ಬೂದಿ ಗಾಳಿಯಲ್ಲಿ ಬಂದು ಕೆರೆಗೆ ಬಿದ್ದದ್ದು. ದಿನಾಂಕದ ಮುದ್ರೆ ಒತ್ತಿದ ಹಾಗೆ.

ಈ ಬೂದಿ ಗೆರೆಗಿಂತ ಕೆಳಗೆ, ಸುಮಾರು ಕ್ರಿ.ಶ. 500ರ ಪದರದಲ್ಲಿ, ಕುರಿಯ ಡಿಎನ್‌ಎ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತು. ಅದಕ್ಕಿಂತ ಕೆಳಗೆ ಏನೂ ಇಲ್ಲ. ಅದೇ ಪದರದಿಂದ ಕುರಿ ಹಿಕ್ಕೆಯಲ್ಲಿರುವ ಕೊಬ್ಬಿನಂಥ ರಾಸಾಯನಿಕಗಳೂ ಏರಿದವು. ಎರಡು ಬೇರೆ ಬೇರೆ ಸಾಕ್ಷಿ, ಒಂದೇ ಹೇಳಿಕೆ. ಆ ದ್ವೀಪಗಳಲ್ಲಿ ಮೂಲದಿಂದ ನೆಲದ ಮೇಲೆ ಓಡಾಡುವ ಸಸ್ತನಿಗಳೇ ಇರಲಿಲ್ಲ. ಕುರಿ ಈಜಿಕೊಂಡು ಬರುವ ದೂರವೂ ಅಲ್ಲ. ಯಾರೋ ದೋಣಿಯಲ್ಲಿ ಕಟ್ಟಿ ತಂದಿರಬೇಕು, ಅದೂ ವೈಕಿಂಗ್‌ಗಳಿಗಿಂತ ಮುನ್ನೂರು ಚಿಲ್ಲರೆ ವರ್ಷ ಮೊದಲು. 2021ರಲ್ಲಿ ಇದು ಪ್ರಕಟವಾಯಿತು.

ತಂದವರು ಯಾರು? ಕುರಿ ಅದನ್ನು ಹೇಳುವುದಿಲ್ಲ. ಇಂದಿನ ಫೆರೋ ಜನರ ತಾಯಿ ಕಡೆಯ ಮೂಲ ಬಹುಪಾಲು ಬ್ರಿಟನ್, ಐರ್ಲೆಂಡ್ ಕಡೆಯದ್ದು. ಹಾಗಾಗಿ ಆ ಕಡೆಯವರೇ ಇರಬೇಕೆಂಬುದು ಸಂಶೋಧಕರ ಅಂದಾಜು.

ಸುಳ್ಳು ಹೇಳಿದ ಇನ್ನೊಂದು ಕುರಿ

ನ್ಯೂಜಿಲೆಂಡಿಗೆ ಕುರಿ ತಂದವರು ಯುರೋಪಿಯನ್ನರು. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅಲ್ಲಿನ ಗುಹೆಗಳ ಒಣ ಮಣ್ಣನ್ನು ಪರೀಕ್ಷಿಸಿದಾಗ, ಯುರೋಪಿಯನ್ನರು ಬರುವುದಕ್ಕಿಂತ ಹಿಂದಿನ ಪದರದಲ್ಲೂ ಕುರಿಯ ಡಿಎನ್‌ಎ ಸಿಕ್ಕಿತು. 2007ರ ವರದಿ ಇದು. ಮೇಲೆ ಮಂದೆ ನಿಲ್ಲುತ್ತಿತ್ತು. ಕುರಿಗಳ ಮೂತ್ರ ಸಡಿಲ ಮಣ್ಣಿನಲ್ಲಿ ಇಂಗಿ, ಡಿಎನ್‌ಎಯನ್ನೂ ಕೆಳಗಿನ ಪದರಕ್ಕೆ ಒಯ್ದಿತ್ತು. ಬೇರೆ ಪುರಾವೆ ಇಲ್ಲದಿದ್ದರೆ ಆ ದೇಶದ ಚರಿತ್ರೆಯೇ ತಲೆಕೆಳಗಾಗುತ್ತಿತ್ತು.

ಹಾಗಾದರೆ ಫೆರೋ ಕುರಿಯನ್ನು ನಂಬುವುದು ಹೇಗೆ? ಸದಾ ನೀರಿನಡಿ ಇರುವ ಕೆರೆಯ ನುಣುಪು ಕೆಸರಿನಲ್ಲಿ ನೀರು ಮೇಲಿನಿಂದ ಕೆಳಗೆ ಹಾಗೆ ಇಂಗುವುದಿಲ್ಲ. ಹೆಪ್ಪುಗಟ್ಟಿದ ನೆಲದಲ್ಲೂ ಇಲ್ಲ. ಇಂಗುವುದು ಗುಹೆಯಂಥ ಸಡಿಲ ಮಣ್ಣಿನಲ್ಲಿ. ಹಿಕ್ಕೆಯ ರಾಸಾಯನಿಕವೂ ಅದೇ ಪದರದಲ್ಲಿ ಶುರುವಾಗಿರುವುದು ಇನ್ನೊಂದು ಆಧಾರ.

ಇಂಥ ಜಗಳಗಳು ಇನ್ನೂ ಇವೆ. 2015ರಲ್ಲಿ ಇಂಗ್ಲೆಂಡಿನ ಬೌಲ್ಡ್‌ನರ್ ಕ್ಲಿಫ್ ಎಂಬಲ್ಲಿ ಸಮುದ್ರದಡಿಯ ಮಣ್ಣಿನಲ್ಲಿ 8,000 ವರ್ಷ ಹಳೆಯ ಗೋಧಿಯ ಡಿಎನ್‌ಎ ಇದೆ ಎಂದರು. ಬ್ರಿಟನ್ನಿನಲ್ಲಿ ಬೇಸಾಯ ಶುರುವಾದದ್ದು ಅದಕ್ಕಿಂತ 2,000 ವರ್ಷ ಈಚೆಗೆ. ಬೇರೊಂದು ತಂಡ ಅದೇ ಚೂರುಗಳನ್ನು ನೋಡಿ, ಅಷ್ಟು ವಯಸ್ಸಿಗೆ ಅಂಚು ಹಳದಿಯಾಗಿಲ್ಲ ಎಂದಿತು. 2021ರಲ್ಲಿ ಆರ್ಕ್ಟಿಕ್ ಸುತ್ತಲಿನ 535 ಮಣ್ಣಿನ ಮಾದರಿ ಓದಿದವರು, ಸೈಬೀರಿಯಾದ ತೈಮಿರ್ ಕಡೆ ಮ್ಯಾಮತ್‌ಗಳು 3,900 ವರ್ಷ ಹಿಂದಿನವರೆಗೂ ಇದ್ದವು ಎಂದರು. ಚಳಿ ನೆಲದಲ್ಲಿ ಮ್ಯಾಮತ್ ಮೂಳೆಗಳು ಸಾವಿರಾರು ವರ್ಷ ಬಿದ್ದಿರುತ್ತವೆ, ಅವುಗಳಿಂದ ಡಿಎನ್‌ಎ ಈಚಿನ ಮಣ್ಣಿಗೂ ಉದುರಬಹುದಲ್ಲ ಎಂದು ಇನ್ನಿಬ್ಬರು ಕೇಳಿದರು. ಮೊದಲಿನವರು ಒಪ್ಪಲಿಲ್ಲ. ಮೂಳೆ ಸತ್ತ ಪ್ರಾಣಿಯ ಗುರುತು, ಸಗಣಿ ಬದುಕಿದ್ದ ಪ್ರಾಣಿಯ ಗುರುತು. ಮಣ್ಣಿನಲ್ಲಿ ಸಿಕ್ಕ ಚೂರು ಯಾವುದರಿಂದ ಬಂತು ಎಂಬುದು ಚೂರಿನ ಮೇಲೆ ಬರೆದಿರುವುದಿಲ್ಲ.

20 ಲಕ್ಷ ವರ್ಷದ ಕಾಡು

ಗ್ರೀನ್‌ಲ್ಯಾಂಡಿನ ಉತ್ತರದ ತುದಿಯಲ್ಲಿ ಕಾಪ್ ಕೋಪನ್‌ಹೇಗನ್ ಎಂಬ ಮಣ್ಣಿನ ಪದರಗಳಿವೆ, ನೂರು ಮೀಟರ್ ಹತ್ತಿರ ದಪ್ಪ. ಈಗ ಅದು ಚಳಿಯ ಮರುಭೂಮಿ. ಅಲ್ಲಿಂದ ತೆಗೆದ 41 ಮಾದರಿಗಳಲ್ಲಿ ಸಿಕ್ಕ ಪಟ್ಟಿ ನೋಡಿ: ಪೋಪ್ಲರ್, ಬರ್ಚ್, ಥೂಜಾ ಮರಗಳು. ಹಿಮಸಾರಂಗ, ಮೊಲ, ಲೆಮ್ಮಿಂಗ್ ಎಂಬ ಇಲಿ, ಬಾತುಕೋಳಿಯ ನೆಂಟ ಹೆಬ್ಬಾತು. ಜೊತೆಗೆ ಆನೆಯ ದೂರದ ಬಂಧು ಮ್ಯಾಸ್ಟೊಡಾನ್. ಅದು ಗ್ರೀನ್‌ಲ್ಯಾಂಡಿನಲ್ಲಿ ಇತ್ತೆಂದು ಯಾರೂ ಎಣಿಸಿರಲಿಲ್ಲ. ಕಡಲಿನ ಕಡೆಯಿಂದ ಕುದುರೆಲಾಳದ ಏಡಿಯ ಗುರುತು. ಆಗಿನ ತಾಪಮಾನ ಈಗಿನದ್ದಕ್ಕಿಂತ 11ರಿಂದ 19 ಡಿಗ್ರಿ ಜಾಸ್ತಿ ಇತ್ತೆಂದು ಅಂದಾಜು. ಈ ಮರಗಳೂ ಈ ಪ್ರಾಣಿಗಳೂ ಇದೇ ಕೂಟದಲ್ಲಿ ಒಟ್ಟಿಗೆ ಬದುಕುವ ಜಾಗ ಇಂದು ಭೂಮಿಯ ಮೇಲೆ ಎಲ್ಲೂ ಇಲ್ಲ. ಭೂಮಿ ಬಿಸಿಯಾದಾಗ ಯಾರು ಯಾರ ಜೊತೆ ಬಾಳಬಲ್ಲರು ಎಂದು ಕೇಳುವವರಿಗೆ ಇದಕ್ಕಾಗಿಯೇ ಈ ಮಣ್ಣಿನ ಮೇಲೆ ಕಣ್ಣು.

ಈ ಮಣ್ಣನ್ನು ಮೊದಲು ತಂದದ್ದು 2006ರಲ್ಲಿ. ಫಲಿತಾಂಶ ಬಂದದ್ದು 2022ರಲ್ಲಿ. ನಡುವಿನ ಹದಿನಾರು ವರ್ಷ, ಹೊಸ ವಿಧಾನ ಬಂದಾಗಲೆಲ್ಲ ಫ್ರೀಜರ್‌ನಿಂದ ತೆಗೆದು ನೋಡುವುದು, ಸೋಲುವುದು, ಮತ್ತೆ ಒಳಗಿಡುವುದು.

ಡೈನೋಸಾರ್‌ದೂ ಹೀಗೆ ಸಿಗುತ್ತದಾ ಎಂದು ಮಕ್ಕಳು ಕೇಳುತ್ತಾರೆ. ಸಿಗುವುದಿಲ್ಲ. ಅವು ಅಳಿದು 6.6 ಕೋಟಿ ವರ್ಷವಾಯಿತು. 20 ಲಕ್ಷಕ್ಕೇ ಇಷ್ಟು ಪಾಡು.

ಮೂಳೆ ಬಿಡದೆ ಹೋದ ಮನುಷ್ಯರು

ಗುಹೆಯಲ್ಲಿ ಕಲ್ಲಿನ ಉಪಕರಣ ರಾಶಿ ಸಿಗುತ್ತವೆ, ಮಾಡಿದವರ ಮೂಳೆ ಸಿಗುವುದು ಅಪರೂಪ. ಹಾಗಾಗಿ ಈ ಕಲ್ಲನ್ನು ಕೆತ್ತಿದವರು ನಿಯಾಂಡರ್ತಾಲರೆಂಬ ಅಳಿದುಹೋದ ಮಾನವರೋ ನಮ್ಮವರೋ ಎಂಬ ಚರ್ಚೆ ಮುಗಿಯುತ್ತಲೇ ಇರಲಿಲ್ಲ. 2017ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿವಿಯನ್ ಸ್ಲೋನ್ ಮತ್ತು ಸಂಗಡಿಗರು ಗುಹೆಗಳ ಮಣ್ಣಿಗೇ ಗಾಳ ಹಾಕಿದರು. ಬೆಲ್ಜಿಯಂನ ಟ್ರೂ ಅಲ್ವೆಸ್ ಗುಹೆಯಲ್ಲಿ ನಿಯಾಂಡರ್ತಾಲರ ಒಂದು ಮೂಳೆಯೂ ಸಿಕ್ಕಿರಲಿಲ್ಲ. ಮಣ್ಣಿನಲ್ಲಿ ಅವರ ಡಿಎನ್‌ಎ ಸಿಕ್ಕಿತು.

ಸೈಬೀರಿಯಾದ ಅಲ್ಟಾಯ್ ಬೆಟ್ಟಗಳಲ್ಲಿರುವ ಡೆನಿಸೋವಾ ಗುಹೆಯದ್ದು ಇನ್ನೂ ದೊಡ್ಡ ಕಥೆ. 2010ರಲ್ಲಿ ಅಲ್ಲಿನ ಒಂದು ಬೆರಳಿನ ಮೂಳೆಯ ಚೂರಿನಿಂದ ಡೆನಿಸೋವನ್ ಎಂಬ ಹೊಸ ಮಾನವ ಗುಂಪೇ ಪತ್ತೆಯಾಗಿತ್ತು. 2021ರಲ್ಲಿ ಎಲೆನಾ ಝವಾಲಾ ಮತ್ತು ಜೊತೆಗಾರರು ಆ ಗುಹೆಯ ಪದರಗಳಿಂದ 728 ಮಣ್ಣಿನ ಮಾದರಿ ಓದಿದರು. 175ರಲ್ಲಿ ಪ್ರಾಚೀನ ಮಾನವರ ಡಿಎನ್‌ಎ ಸಿಕ್ಕಿತು. ಮೊದಲು ಡೆನಿಸೋವನ್ನರು, ಸುಮಾರು 2,50,000 ವರ್ಷ ಹಿಂದಿನಿಂದ. 1,70,000 ವರ್ಷದ ಸುಮಾರಿಗೆ ನಿಯಾಂಡರ್ತಾಲರ ಪ್ರವೇಶ. ನಮ್ಮಂಥವರ ಗುರುತು ಕೊನೆಯ ಪದರಗಳಲ್ಲಿ, ಹೊಸ ಬಗೆಯ ಉಪಕರಣಗಳ ಜೊತೆಗೆ. ಬಾಡಿಗೆ ಮನೆಗೆ ಯಾರು ಯಾವಾಗ ಬಂದು ಹೋದರೆಂಬ ಪಟ್ಟಿ ಗೋಡೆಯಲ್ಲೇ ಉಳಿದಂತೆ.

ಮಣ್ಣಿನಲ್ಲಿ ಡಿಎನ್‌ಎ ಎಲ್ಲಿ ಅಡಗಿರುತ್ತದೆ ಎಂಬುದಕ್ಕೂ ಆಮೇಲೆ ಉತ್ತರ ಸಿಕ್ಕಿತು. ಭೂವಿಜ್ಞಾನಿಗಳು ಗುಹೆಯ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ತಂದು, ಅಲುಗಾಡದಿರಲಿ ಎಂದು ಪ್ಲಾಸ್ಟಿಕ್‌ನಂಥ ರಾಳ ಹೊಯ್ದು ಗಟ್ಟಿ ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಪದರ ನೋಡುವುದಕ್ಕೆ. ಕೆಲಸ ಮುಗಿದ ಮೇಲೆ ಇಂಥ ಇಟ್ಟಿಗೆಗಳು ಕಪಾಟು ಸೇರಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತವೆ. ಫ್ರೀಜರ್ ಇಲ್ಲ, ಏನಿಲ್ಲ. ಡಿಎನ್‌ಎಗೆಂದು ಯಾರೂ ಇಟ್ಟದ್ದಲ್ಲ. ಲೈಪ್‌ಜಿಗ್‌ನವರು ಡೆನಿಸೋವಾದ ಇಂಥ ಇಟ್ಟಿಗೆಗಳಿಗೆ ಹಲ್ಲಿನ ಡಾಕ್ಟರ ಬಳಿ ಇರುವಂಥ ಸಣ್ಣ ಡ್ರಿಲ್ ಇಟ್ಟು ಅಲ್ಲಲ್ಲಿ ಚಿಟಿಕೆ ಪುಡಿ ತೆಗೆದರು. ಮೂಳೆಯ ಚೂರು, ಹಿಕ್ಕೆಯ ಚೂರು ಇದ್ದ ಕಡೆ ಡಿಎನ್‌ಎ ಗುಂಪಾಗಿ ಸಿಕ್ಕಿತು. ಆ ಚೂರುಗಳಾದರೂ ಎಷ್ಟು ದೊಡ್ಡವು? ರವೆ ಕಾಳಿನಷ್ಟೂ ಇಲ್ಲದವು. ಅದರಲ್ಲಿ ನಿಯಾಂಡರ್ತಾಲರದ್ದೂ ಇತ್ತು.